ಆಟೋನಗರದ ಅಡ್ಮಿರಲ್ಲು

ಪುನರ್ಜನ್ಮದಲ್ಲಿ ನಂಬಿಕೆ ಇಲ್ಲದವರು ಒಮ್ಮೆ ಆಟೋನಗರ್‌ಗೆ ಹೋಗಿ ಬರಬೇಕು. ವಿಜಯವಾಡದ ಜವಾಹರ್ ಆಟೋನಗರಕ್ಕೇ ಹೋಗಿ, ವಿಶಾಖಪಟ್ಟಣದಲ್ಲಿ ಗಾಜುವಾಕದ ಪಕ್ಕ ಇರುವುದಕ್ಕೇ ಹೋಗಿ, ಎರಡು ಕಡೆಯೂ ಅದೇ ಪವಾಡ. ಬರೀ ಛಾಸಿಯಾಗಿ ಒಳಗೆ ಹೋದದ್ದು ಕೆಲವು ವಾರ ಕಳೆದ ಮೇಲೆ ಹಣೆಗೆ ವೆಂಕಟೇಶ್ವರ, ಕೆನ್ನೆಗೆ ಹೂಬಳ್ಳಿ, ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ತೊಟ್ಟು ಲಾರಿಯಾಗಿ ಹೊರಗೆ ಬರುತ್ತದೆ. ಹಳೇ ಲಾರಿ ಒಳಗೆ ಹೋದರೆ ಹೊಸ ಹೆಸರು ಬರೆಸಿಕೊಂಡು ಬರುತ್ತದೆ. ‘ಈ ಪಾರ್ಟು ಈ ಗಾಡಿಗೆ ಕೂರಲ್ಲ’ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಸ್ವಲ್ಪ ತಟ್ಟಿದರೆ, ಸ್ವಲ್ಪ ಉಜ್ಜಿದರೆ, ಒಂದು ವಾಷರ್ ಕೊಟ್ಟರೆ ಎಲ್ಲವೂ ಎಲ್ಲದಕ್ಕೂ ಕೂರುತ್ತದೆ.

ಇಂಥ ಉದಾರ ಜಾಗದಲ್ಲಿ ನಮ್ಮ ಭಾವ ಲೇತ್ ಶೆಡ್ಡು ಇಟ್ಟುಕೊಂಡು, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚಾಯಿತೆಂದು ಊಟ ಬಿಡುತ್ತಾರೆ. ಲೇತ್ ಕೆಲಸಕ್ಕೆ ಅಂದುಕೊಂಡಿರೇನೋ. ಛೆ, ಲಾರಿಯ ಬುಷ್ಷು ಅವರು ಕಣ್ಣಂದಾಜಿನಲ್ಲೇ ತಿರುಗಿಸಿ ಕೊಡುತ್ತಾರೆ. ಈ ನಿಷ್ಠೆಯೆಲ್ಲ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಕಟ್ಟುತ್ತಿರುವ ಯುದ್ಧನೌಕೆಗೆ ಮೀಸಲು.

ಭಾವ ಹುಟ್ಟಿದ್ದು ಮೈಸೂರಿನ ಚಾಮುಂಡಿಪುರದಲ್ಲಿ. ಮದುವೆಯಾಗುವ ತನಕ ಅವರು ಕಂಡ ಅತಿ ದೊಡ್ಡ ಸಮುದ್ರ ಕುಕ್ಕರಹಳ್ಳಿ ಕೆರೆ. ವಿಶಾಖಪಟ್ಟಣ ಸೇರಿದ ಮೇಲೆ ಬೀಚಿನಲ್ಲಿ ಕಾಲು ನೆನೆಸಿದ್ದೇ ತಡ, ನೌಕಾಪಡೆಯ ಭಾಷೆ ಶುರುವಾಯಿತು. ಮನೆಯ ಎಡಗಡೆ ಪೋರ್ಟು, ಬಲಗಡೆ ಸ್ಟಾರ್‌ಬೋರ್ಡು, ಅಡುಗೆಮನೆ ಗ್ಯಾಲಿ. ಅಕ್ಕ ಮಾತ್ರ ಇನ್ನೂ ಅಕ್ಕನೇ. ಆಕೆಗೆ ಪದವಿ ಕೊಡುವಷ್ಟು ಧೈರ್ಯ ಯಾವ ಅಡ್ಮಿರಲ್ಲಿಗೂ ಇಲ್ಲ.

ಮಾಡಲ್ ಕಟ್ಟುವವರೆಲ್ಲ ಸಾಮಾನ್ಯವಾಗಿ ಕೈ ಹಾಕುವುದು ಜಪಾನಿನ ಯಮಾಟೊಗೋ ಜರ್ಮನಿಯ ಬಿಸ್ಮಾರ್ಕಿಗೋ. ಪೆಟ್ಟಿಗೆ ತೆರೆದರೆ ಟಮಿಯಾ ಕಂಪನಿಯವರೇ ಎಲ್ಲ ತುಂಡುಗಳನ್ನೂ ನಂಬರ್ ಹಾಕಿ ಕೊಟ್ಟಿರುತ್ತಾರೆ, ಬಿಡಿಸಿ ಅಂಟಿಸಿದರಾಯಿತು. 263 ಮೀಟರಿನ ಯಮಾಟೊ 1:350ರ ಅಳತೆಯಲ್ಲಿ 75 ಸೆಂಟಿಮೀಟರಿಗೆ ಇಳಿದು ಶೋಕೇಸಿನಲ್ಲಿ ಕೂರುತ್ತದೆ. ಜಪಾನಿನವರಿಗೇ ಅದು ಸಾಲದೆ, ಕುರೆ ಊರಿನ ಮ್ಯೂಸಿಯಂನಲ್ಲಿ ಹತ್ತನೇ ಒಂದರ ಅಳತೆಯಲ್ಲಿ 26.3 ಮೀಟರಿನ ಯಮಾಟೊ ಕಟ್ಟಿ ನಿಲ್ಲಿಸಿದ್ದಾರೆ. ಈ ಸುದ್ದಿ ಭಾವನ ಕಿವಿಗೆ ಬಿದ್ದ ದಿನ ಅಕ್ಕ ಮನೆಯ ಪತ್ರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಹಾಲ್‌ನ ಗೋಡೆ ಒಡೆಸಿಬಿಟ್ಟಾರು ಎಂಬ ಭಯ.

ಆದರೆ ಭಾವನಿಗೆ ಯಮಾಟೊ ಬೇಡ. “ಮೈಸೂರಿನವನು ಮೈಸೂರನ್ನೇ ಕಟ್ಟಬೇಕು ಕಣೋ” ಅಂದರು. ನಾನು ಅರಮನೆ ಅಂದುಕೊಂಡೆ. ಅವರು ಹೇಳಿದ್ದು ಐಎನ್‌ಎಸ್ ಮೈಸೂರು. ಈಗ ನೌಕಾಪಡೆಯಲ್ಲಿರುವ, 1999ರಲ್ಲಿ ಸೇವೆಗೆ ಬಂದ ಕ್ಷಿಪಣಿ ಹಡಗಲ್ಲ, ಅದೇ ಹೆಸರಿನ ಹಳೆಯ ಕ್ರೂಸರ್. ಬ್ಯಾಟಲ್‌ಶಿಪ್ ಅಂತ ನಮ್ಮ ನೌಕಾಪಡೆಯಲ್ಲಿ ಯಾವತ್ತೂ ಇರಲಿಲ್ಲ. ಫಿರಂಗಿಯ ಕಾಲದ ದೊಡ್ಡಣ್ಣಂದಿರು ಅಂದರೆ ಡೆಲ್ಲಿ ಮತ್ತು ಮೈಸೂರು, ಎರಡೂ ಕ್ರೂಸರುಗಳು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಇದೇ ಮೈಸೂರು. ಅಷ್ಟು ಹೇಳಿ ಭಾವ ಮೀಸೆ ತಿರುವಿದರು, ಯುದ್ಧ ತಾವೇ ಗೆದ್ದ ಹಾಗೆ.

ಈಗ ಲೆಕ್ಕಕ್ಕೆ ಬನ್ನಿ. ಅಸಲಿ ಹಡಗು 169 ಮೀಟರು ಉದ್ದ. 350ರಿಂದ ಭಾಗಿಸಿದರೆ 48 ಸೆಂಟಿಮೀಟರು ಚಿಲ್ಲರೆ. ಡೆಕ್ಕಿನ ಮೇಲೆ ನಿಂತ ನಾವಿಕ ಐದು ಮಿಲಿಮೀಟರು. ಅವನು ನೀರಿಗೆ ಬೀಳದ ಹಾಗೆ ಸುತ್ತ ಇರುವ ಕಟಾಂಜನ ಮೂರು ಮಿಲಿಮೀಟರು. ಲೆಕ್ಕದ ಮಜಾ ಇರುವುದು ತೂಕದಲ್ಲಿ. ಉದ್ದ, ಅಗಲ, ಎತ್ತರ ಮೂರೂ 350 ಪಾಲು ಕುಗ್ಗುವುದರಿಂದ ತುಂಬಿದ ಹಡಗಿನ ಸುಮಾರು 11,000 ಟನ್ ಕಾಲು ಕೇಜಿಗೆ ಇಳಿಯುತ್ತದೆ. “ಕಾಲು ಕೇಜಿಗೆ ಇಷ್ಟು ಗಲಾಟೆನಾ?” ಅಂದಳು ಅಕ್ಕ.

ಒಡಲಿಗೆ ಮರ ಸಿಕ್ಕಿದ್ದು ಪಕ್ಕದ ಲಾರಿ ಬಾಡಿ ಕಟ್ಟುವವರ ಕಸದಲ್ಲಿ. ಹಡಗಿನ ನಕ್ಷೆಯನ್ನು ನೀರಿನ ಮಟ್ಟಕ್ಕೆ ಸಮನಾಗಿ ಪದರ ಪದರ ಸೀಳಿ, ಪ್ರತಿ ಪದರಕ್ಕೂ ಒಂದು ತೆಳು ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲುಗಳನ್ನು ಉಜ್ಜಿ ನುಣುಪು ಮಾಡಿದರೆ ಹಡಗಿನ ಮೈ. ಮೇಲೆ ಪುಟ್ಟಿ, ಮತ್ತೆ ವಾಟರ್ ಪೇಪರ್, ಮತ್ತೆ ಪುಟ್ಟಿ. ಇಲ್ಲಿಯವರೆಗೆ ಆಟೋನಗರಕ್ಕೆ ಹೊಸದೇನೂ ಇಲ್ಲ. ಕಟಾಂಜನಕ್ಕೆ ಬಂದಾಗ ತಲೆ ಕೆಡುತ್ತದೆ. ತೆಳುವಾದ ಹಿತ್ತಾಳೆ ಹಾಳೆಯ ಮೇಲೆ ಕಂಬಿಗಳ ಚಿತ್ರವನ್ನು ಮೇಣದಂಥ ಲೇಪದಲ್ಲಿ ಮೂಡಿಸಿ, ಫೆರಿಕ್ ಕ್ಲೋರೈಡಿನಲ್ಲಿ ಮುಳುಗಿಸಬೇಕು. ಲೇಪವಿಲ್ಲದ ಹಿತ್ತಾಳೆ ಕರಗಿ ಕಂಬಿ ಮಾತ್ರ ಉಳಿಯುತ್ತದೆ. ಎಲೆಕ್ಟ್ರಾನಿಕ್ ಬೋರ್ಡು ಮಾಡುವವರ ವಿದ್ಯೆ ಅದು. ಅಕ್ಕನ ಸ್ಟೀಲ್ ಬೋಗುಣಿಗೂ ಆ ವಿದ್ಯೆ ತಗಲಿ, ತಳ ಹೋಗಿ ಬಾಯಿ ಮಾತ್ರ ಉಳಿಯಿತು. ಹಡಗಿನ ಜಾತಕದಲ್ಲಿ ಬೋಗುಣಿಯ ಹೆಸರೂ ಸೇರಬೇಕಾದ್ದು ನ್ಯಾಯ.

ಫಿರಂಗಿಗಳ ಕತೆ ಇನ್ನೂ ಸೊಗಸು. ಆರಂಗುಲದ ಫಿರಂಗಿ, ಅಂದರೆ ಬಾಯಿ 152 ಮಿಲಿಮೀಟರು. 350ಕ್ಕೆ ಭಾಗಿಸಿದರೆ 0.43. ಅಷ್ಟು ಸಣ್ಣ ತೂತಿನ ಕೊಳವೆಯನ್ನು ಲೇತಿನಲ್ಲಿ ಕೊರೆಯಲು ಹೋಗಿ ಡ್ರಿಲ್ ಬಿಟ್ಟುಗಳೆಲ್ಲ ಹುತಾತ್ಮರಾದ ಮೇಲೆ, ಜ್ವರ ಬಂದು ಕ್ಲಿನಿಕ್ಕಿನಲ್ಲಿ ಮಲಗಿದ್ದಾಗ ಭಾವನಿಗೆ ಜ್ಞಾನೋದಯವಾಯಿತು. 22 ನಂಬರಿನ ಇಂಜೆಕ್ಷನ್ ಸೂಜಿಯ ಒಳತೂತು 0.41 ಮಿಲಿಮೀಟರು! ನರ್ಸಮ್ಮ ಸೂಜಿ ಹಿಡಿದು ಬಂದಾಗ “ಅಮ್ಮಾ, ಚುಚ್ಚೋದು ಆಮೇಲೆ, ಇದರ ಹೊಸ ಡಬ್ಬಿ ಎಲ್ಲಿ ಸಿಗುತ್ತೆ?” ಎಂದು ಕೇಳಿದ ರೋಗಿಯನ್ನು ಆಕೆ ಹೇಗೆ ನೋಡಿರಬೇಡ! ಈಗ ಹಡಗಿನ ಒಂಬತ್ತೂ ಫಿರಂಗಿಗಳು ಮೆಡಿಕಲ್ ಸ್ಟೋರಿನವು.

ಇನ್ನು ಕಂಬದಿಂದ ಕಂಬಕ್ಕೆ ಹೋಗುವ ತಂತಿಗಳು. ಮುಂಚೆಯೆಲ್ಲ ಸಾರಿನಲ್ಲಿ ಕೂದಲು ಬಂದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ನೌಕಾಯುದ್ಧವೇ. ಮೊನ್ನೆ ಊಟಕ್ಕೆ ಕೂತಾಗ ಮತ್ತೆ ಬಂತು. ನಾನು ಉಸಿರು ಬಿಗಿಹಿಡಿದೆ. ಭಾವ ಅದನ್ನು ಎರಡು ಬೆರಳಲ್ಲಿ ಎತ್ತಿ, ತೊಳೆದು, ಮೈಕ್ರೋಮೀಟರಿಗೆ ಕೊಟ್ಟು, “0.07! ಇಂಟು 350, ಎರಡೂವರೆ ಸೆಂಟಿಮೀಟರು, ಸರಿಯಾದ ಉಕ್ಕಿನ ಹಗ್ಗ!” ಎಂದು ಕುಣಿದರು. ಅಕ್ಕನಿಗೆ ಮದುವೆಯಾದಾಗಿನಿಂದ ಸಿಕ್ಕ ಅತ್ಯುತ್ತಮ ಹೊಗಳಿಕೆ ಅದು ಅಂತ ನನ್ನ ಅಂದಾಜು.

ಇಷ್ಟೆಲ್ಲ ಆದರೂ ಹಡಗು ಮುಗಿಯದೆ ಇರುವುದಕ್ಕೆ ಕಾರಣ ತೇದಿ. ಮಾಡಲ್ ಕಟ್ಟುವವರಲ್ಲಿ ಒಂದು ಕಾಯಿಲೆ ಇದೆ. ಹಡಗು ಅಂದರೆ ಸಾಲದು, ಅದು ಯಾವ ದಿನದ ಹಡಗು ಅಂತ ಹೇಳಬೇಕು. ಮೈಸೂರು ಹುಟ್ಟುವಾಗ ಮೈಸೂರಾಗಿರಲಿಲ್ಲ. 1939ರಲ್ಲಿ ನೀರಿಗಿಳಿದ ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಅದು. 1941ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬ್ರೆಮ್ಸೆ ಎಂಬ ಹಡಗನ್ನು ಮುಳುಗಿಸಿದ ಕಾಳಗದಲ್ಲಿ ಅದರ ಮೂತಿ ಜಜ್ಜಿಹೋಯಿತು. 1942ರ ಆಗಸ್ಟಿನಲ್ಲಿ ಮಾಲ್ಟಾಕ್ಕೆ ಹೊರಟ ಬೆಂಗಾವಲಿನಲ್ಲಿದ್ದಾಗ ಇಟಲಿಯ ಆಕ್ಸಮ್ ಎಂಬ ಜಲಾಂತರ್ಗಾಮಿ ಒಂದೇ ಬೀಸಿಗೆ ಮೂರು ಹಡಗುಗಳಿಗೆ ಹೊಡೆಯಿತು, ಅದರಲ್ಲಿ ಇದೂ ಒಂದು. ಭಾರತ 1954ರಲ್ಲಿ ಕೊಳ್ಳಲು ಒಪ್ಪಿ, ಬರ್ಕೆನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಯಾರ್ಡಿನಲ್ಲಿ ಕೂಲಂಕಷ ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂದು ನಾಮಕರಣ ಮಾಡಿತು. ಬ್ರಿಟಿಷರು ಕಟ್ಟಿದಾಗ ಹನ್ನೆರಡು ದೊಡ್ಡ ಫಿರಂಗಿ, ನಮ್ಮದಾದಾಗ ಒಂಬತ್ತು.

ಭಾವ ಮೊದಲು ಹಿಡಿದದ್ದು 1957. ಆಮೇಲೆ 1971 ಅಂದರು. ಅಷ್ಟರಲ್ಲಿ ಯಾವುದೋ ಹಳೇ ಫೋಟೋದಲ್ಲಿ ಒಂದು ದೋಣಿ ಎರಡಡಿ ಹಿಂದಕ್ಕೆ ಇದ್ದದ್ದು ಕಂಡು, ಅಂಟಿಸಿದ್ದನ್ನು ಕಿತ್ತರು. ಎರಡಡಿ ಅಂದರೆ ಮಾಡಲಿನಲ್ಲಿ ಎಷ್ಟು? ಒಂದೂಮುಕ್ಕಾಲು ಮಿಲಿಮೀಟರು!

ಇದನ್ನೆಲ್ಲ ಶೆಡ್ಡಿನ ಟಿಂಕರಿಂಗ್ ಮೇಸ್ತ್ರಿ ಬೀಡಿ ಸೇದುತ್ತಾ ನೋಡುತ್ತಿದ್ದ. ಭಾವ ಹೇಳಿದ ಚರಿತ್ರೆಯನ್ನು ಪೂರ್ತಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದ: “ಸಾರ್, ಅಂಟೇ ಇದಿ ಸೆಕೆಂಡ್ ಹ್ಯಾಂಡ್ ಬಂಡಿ ಕದಾ?”

ಹಾಗಾದರೆ ಇದು ಸೆಕೆಂಡ್ ಹ್ಯಾಂಡ್ ಗಾಡಿ ತಾನೇ ಅಂತ! ಭಾವನ ಮುಖ ನೋಡಬೇಕಿತ್ತು. ನನಗಂತೂ ಆ ಮೇಸ್ತ್ರಿಗೆ ಇತಿಹಾಸದಲ್ಲಿ ಡಾಕ್ಟರೇಟು ಕೊಡಬೇಕು ಅನ್ನಿಸಿತು. ಎಣಿಸುತ್ತಾ ಹೋಗಿ ನೀವೇ. ಡೆಲ್ಲಿ? 1939ರಲ್ಲಿ ಜರ್ಮನಿಯ ಗ್ರಾಫ್ ಸ್ಪೀ ಎಂಬ ಯುದ್ಧನೌಕೆಯನ್ನು ಬೆನ್ನಟ್ಟಿದ ಅಕಿಲೀಸ್ ಅದು, 1948ರಲ್ಲಿ ನಮಗೆ ಬಂತು. ಆ ಕಾಳಗದ ಮೇಲೆ 1956ರಲ್ಲಿ ಬಂದ ಸಿನಿಮಾದಲ್ಲಿ ಅಕಿಲೀಸ್ ಪಾತ್ರ ವಹಿಸಿದ್ದೂ ಇದೇ ಡೆಲ್ಲಿ, ತನ್ನ ಪಾತ್ರ ತಾನೇ. ವಿಮಾನವಾಹಕ ವಿಕ್ರಾಂತ್? ಬ್ರಿಟಿಷರು ಹರ್ಕ್ಯುಲಿಸ್ ಅಂತ ಶುರು ಮಾಡಿ ಯುದ್ಧ ಮುಗಿಯಿತೆಂದು ಅರ್ಧಕ್ಕೆ ಬಿಟ್ಟದ್ದನ್ನು 1957ರಲ್ಲಿ ಕೊಂಡು, ಬೆಲ್‌ಫಾಸ್ಟಿನಲ್ಲಿ ಪೂರ್ತಿ ಮಾಡಿಸಿ 1961ರಲ್ಲಿ ಸೇವೆಗೆ ಸೇರಿಸಿದ್ದು. ಅಂದರೆ ಛಾಸಿ ಕೊಂಡು ಬಾಡಿ ಕಟ್ಟಿಸಿದ್ದು. ವಿಶಾಖಪಟ್ಟಣದ ಎದುರು 1971ರ ಡಿಸೆಂಬರಿನಲ್ಲಿ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿಯೂ ಅಮೆರಿಕದ ಹಳೇ ಡಯಾಬ್ಲೋ. ಅದನ್ನು ಇಲ್ಲಿಗೆ ಆಸೆ ತೋರಿಸಿ ಸೆಳೆದ ನಮ್ಮ ಡೆಸ್ಟ್ರಾಯರ್ ರಜಪೂತ್ ಕೂಡ ಬ್ರಿಟಿಷರ ಹಳೇ ರೋದರ್‌ಹ್ಯಾಮ್.

ಮಾಡಲ್ ವಿದ್ಯೆಯಲ್ಲಿ ವಿಶಾಖಪಟ್ಟಣದ ದಾಖಲೆ ಆ ರಜಪೂತ್‌ದೇ, ನಮ್ಮ ಭಾವನದಲ್ಲ. ಘಾಜಿ ವಿಕ್ರಾಂತ್‌ಗಾಗಿ ಹುಡುಕುತ್ತಾ ಬಂದಿತ್ತು. ವಿಕ್ರಾಂತ್ ಅಷ್ಟರಲ್ಲಿ ಅಂಡಮಾನಿನ ಕಡೆ ಮರೆಯಾಗಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಅವರು ರಜಪೂತ್‌ನನ್ನು ವಿಕ್ರಾಂತ್ ವೇಷದಲ್ಲಿ ನಟಿಸಲು ಕಳಿಸಿದರು. ಅಂಟಿಲ್ಲ, ಪುಟ್ಟಿಯಿಲ್ಲ. ದೊಡ್ಡ ಹಡಗಿನಿಂದ ಹೊರಡುವಷ್ಟು ವೈರ್‌ಲೆಸ್ ಸಂದೇಶ, ದೊಡ್ಡ ಹಡಗಿಗೆ ಬೇಕಾಗುವಷ್ಟು ತರಕಾರಿ ಮಾಂಸಕ್ಕೆ ಆರ್ಡರು, ತಾಯಿಗೆ ಹುಷಾರಿಲ್ಲವೆಂದು ವಿಚಾರಿಸುವ ನಾವಿಕನ ಹೆಸರಲ್ಲಿ ಒಂದು ತಂತಿ. ಒಂದು ಕಟಾಂಜನವನ್ನೂ ಎಣಿಸದೆ ಕಟ್ಟಿದ ಮಾಡಲ್! ಇದನ್ನು ಹೇಳಿದರೆ ಭಾವ, “ಅದು ಡಿಸೆಪ್ಷನ್ನು, ಇದು ಡೀಟೇಲಿಂಗು” ಎಂದು ನನ್ನನ್ನು ಕೋಣೆಯಿಂದ ಹೊರಗೆ ಹಾಕಿದರು.

ಬಣ್ಣದ ದಿನ ಮತ್ತೆ ಒಳಗೆ ಬಿಟ್ಟರು, ಡಬ್ಬಿ ಹಿಡಿಯುವವರು ಬೇಕಲ್ಲ. ನೌಕಾಪಡೆಯ ಬೂದು ಬಣ್ಣ ಕಲಸಿಕೊಡಲು ಆಟೋನಗರದ ಪೇಂಟಂಗಡಿಯವನಿಗೆ ಐದು ನಿಮಿಷ ಸಾಕು. ಆದರೆ ಭಾವ ಅದಕ್ಕೆ ಬಿಳಿ ಬೆರೆಸುತ್ತಾ ಕೂತರು. ಮಾಡಲನ್ನು ಒಂದಡಿ ದೂರದಿಂದ ನೋಡುವುದು ಅಂದರೆ ಅಸಲಿ ಹಡಗನ್ನು 350 ಅಡಿ ದೂರದಿಂದ ನೋಡಿದ ಹಾಗೆ. ನಡುವೆ ಅಷ್ಟು ಗಾಳಿ ಇದ್ದರೆ ಬಣ್ಣ ಮಂಕಾಗಬೇಕು, ಆದ್ದರಿಂದ ಡಬ್ಬಿಯಲ್ಲೇ ಮಂಕು ಮಾಡಬೇಕು. ಒಪ್ಪಿದೆ. ಹಾಗಾದರೆ 350 ಅಡಿ ದೂರದಿಂದ ಬಾಗಿಲಿನ ಕೀಲು ಕಾಣುತ್ತದಾ ಭಾವ, ಅದನ್ನೇಕೆ ವಾರಗಟ್ಟಲೆ ಕೊರೆದಿರಿ? ಉತ್ತರ ಬರಲಿಲ್ಲ. ಬ್ರಷ್ಷು ಬಂತು.

ಕೊನೆಗೆ ಗಂಡಭೇರುಂಡ. ಮೈಸೂರು ಹೆಸರಿನ ಹಡಗಿನ ಲಾಂಛನ ಅದೇ ತಾನೆ. ಮೂರು ಮಿಲಿಮೀಟರಿನ ಬಿಲ್ಲೆಯ ಮೇಲೆ ಎರಡು ತಲೆಯ ಹಕ್ಕಿ ಬಿಡಿಸಬೇಕು. ಒಂದೇ ಕೂದಲಿನ ಬ್ರಷ್ಷು, ಎರಡು ಕನ್ನಡಕ, ಫ್ಯಾನು ಆಫ್, ಮನೆಯವರೆಲ್ಲ ಮೌನ. ಮುಗಿಸಿ ಭೂತಗನ್ನಡಿಯಲ್ಲಿ ತೋರಿಸಿದರು. ಅಕ್ಕ ಬಗ್ಗಿ ನೋಡಿ, “ರೀ, ಕಾಗೆ ಚೆನ್ನಾಗಿ ಬಂದಿದೆ” ಅಂದಳು. ಎರಡನೇ ತಲೆ ಬಣ್ಣದಲ್ಲಿ ಕೂಡಿಹೋಗಿತ್ತು.

ಬೇಸರ ಕಳೆಯಲೆಂದು ಭಾವನನ್ನು ರಾಮಕೃಷ್ಣ ಬೀಚಿಗೆ ಕರೆದುಕೊಂಡು ಹೋದೆ. ಅಲ್ಲಿ ಐಎನ್‌ಎಸ್ ಕುರ್ಸುರ ಇದೆ, 91 ಮೀಟರಿನ ಅಸಲಿ ಜಲಾಂತರ್ಗಾಮಿ. 2001ರಲ್ಲಿ ನಿವೃತ್ತಿಯಾದದ್ದನ್ನು ಮರಳಿಗೆ ಎಳೆದು 2002ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಟಿಕೆಟ್ ಕೊಟ್ಟರೆ ಒಳಗೆಲ್ಲ ನಡೆದು ಬರಬಹುದು. ಮಕ್ಕಳು ಕಿರುಚುತ್ತಿದ್ದರು, ಜನ ಫೋಟೋ ತೆಗೆಯುತ್ತಿದ್ದರು. ಭಾವ ಮೈಸವರಿ, ಬೆಸುಗೆಯ ಗೆರೆಗಳನ್ನು ಹತ್ತಿರದಿಂದ ನೋಡಿ, ಮುಖ ಕಿವುಚಿ, “ಫಿನಿಶಿಂಗ್ ಸಾಲದು” ಅಂದರು.

ವಾಪಸ್ಸು ಬರುವಾಗ ಹೊಸ ತೇದಿ ಹೊಳೆದಿತ್ತು. 1959ರ ಆಗಸ್ಟಿನಲ್ಲಿ ಸಿಲೋನಿನ ಹತ್ತಿರ ರಾತ್ರಿ ಕವಾಯತಿನಲ್ಲಿ ಮೈಸೂರು ಬ್ರಿಟಿಷರ ಹೋಗ್ ಎಂಬ ಡೆಸ್ಟ್ರಾಯರಿಗೆ ಗುದ್ದಿತ್ತು. ಆ ಹೋಗ್ ಮತ್ತೆ ಸುಧಾರಿಸಿಕೊಳ್ಳಲೇ ಇಲ್ಲ. ಹೋಗ್ ಹುಟ್ಟಿದ್ದು ಮೈಸೂರಿಗೆ ರಿಪೇರಿಯಾದ ಬರ್ಕೆನ್‌ಹೆಡ್‌ನ ಅದೇ ಯಾರ್ಡಿನಲ್ಲಿ! ಗುದ್ದಿದ ಮಾರನೇ ದಿನದ ಮೈಸೂರು ಕಟ್ಟಿದರೆ ಹೇಗೆ, ಪೆಟ್ಟಿನ ಗುರುತಿನ ಸಮೇತ? ಜಗತ್ತಿನಲ್ಲಿ ಯಾರ ಹತ್ತಿರವೂ ಇರಲಿಕ್ಕಿಲ್ಲ ಅಂತ ಭಾವನ ಲೆಕ್ಕ. ಮರುದಿನ ಬೆಳಿಗ್ಗೆ ತೆಳು ತಗಡಿನಲ್ಲಿ ಹಡಗಿನ ಮೈಯ ತುಂಡೊಂದನ್ನು ಮಾಡಿ ಟಿಂಕರಿಂಗ್ ಮೇಸ್ತ್ರಿಯ ಮುಂದಿಟ್ಟು, ಇದನ್ನು ಇಂಥಿಂಥಲ್ಲಿ ಇಷ್ಟಿಷ್ಟು ನೆಗ್ಗಿಸಿ ಕೊಡು ಅಂದರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನೆಟ್ಟಗೆ ಮಾಡಲು ಆದರೆ ಇಷ್ಟು, ಸೊಟ್ಟ ಮಾಡಲು ಆದರೆ ಅದರ ಎರಡರಷ್ಟು ಅಂದ. ಅದ್ಯಾಕೆ ಹಾಗೆ ಅಂತ ಭಾವ ರೇಗಿದರು.

“ಸೊಟ್ಟ ಮಾಡೋದು ಡ್ರೈವರ್ ಕೆಲಸ ಸಾರ್, ನಮ್ಮದಲ್ಲ.”