ನೀಲಿಯ ಪಾಠಾಂತರಗಳು: ಎಲೆಕ್ಟ್ರಿಕ್ ಗಿಟಾರಿನ ಬಣ್ಣ ಕುರಿತು ಒಂದು ಗ್ರಂಥಸಂಪಾದನಾ ವಿಚಾರ

ಓಲೆಗರಿಯಲ್ಲಿರುವುದು ರಕಾರವೋ ಶಕಟರೇಫವೋ ಎಂದು ಪುಟಗಟ್ಟಲೆ ವಾದಿಸಿದ ವಿದ್ವತ್ಪರಂಪರೆ ನಮ್ಮದು. ಅಂಥ ಪರಂಪರೆಯ ವಾರಸುದಾರರು ಎಲೆಕ್ಟ್ರಿಕ್ ಗಿಟಾರಿನ ಬಣ್ಣಕ್ಕೆ ಇಂದಿಗೂ ಒಂದು ಪರಿಷ್ಕೃತ ಪಾಠವನ್ನು ಕೊಡದೆ ಕೂತಿರುವುದು ಖೇದಕರ. ಜಾಹೀರಾತಿನ ಚಿತ್ರದಲ್ಲಿ ಒಂದು ಬಣ್ಣ, ಡಬ್ಬ ಬಿಚ್ಚಿದರೆ ಇನ್ನೊಂದು, ಕಿಟಕಿಯ ಬಳಿ ಒಯ್ದರೆ ಮತ್ತೊಂದು. ದುಡ್ಡು ಕೊಟ್ಟವರು ಇದನ್ನು ಮೋಸ ಎಂದು ಕರೆಯುತ್ತಾರೆ. ಶಾಸ್ತ್ರದ ಗಾಳಿ ಸೋಕದವರ ಮಾತು ಅದು. ಇದು ಪಾಠಾಂತರ.

ಈ ಸಂಪಾದಕನ ಸಿದ್ಧಾಂತವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಚಿತ್ರವೇ ಮೂಲಪಾಠ, ಗಿಟಾರು ಅದರ ಭ್ರಷ್ಟ ಪ್ರತಿ. ಎರಡರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಚಿತ್ರ, ಹಣ ಸಂದಾಯವಾದದ್ದು ಚಿತ್ರಕ್ಕೆ, ರಾತ್ರಿ ನಿದ್ದೆಗೆಡಿಸಿದ್ದೂ ಚಿತ್ರವೇ. ಗಿಟಾರು ಬಂದದ್ದು ಆಮೇಲೆ, ಅದೂ ಲಾರಿಯಲ್ಲಿ. ಪ್ರಾಚೀನತೆಯಲ್ಲಾಗಲಿ ಜನಾದರದಲ್ಲಾಗಲಿ ಅದು ಚಿತ್ರಕ್ಕೆ ಸಮನಲ್ಲ.

ಪರಿಷ್ಕರಣಕ್ಕೆ ಬಳಸಿಕೊಂಡ ಪ್ರತಿಗಳು ಮೂರು. ‘ಚಿ’ ಎಂಬುದು ಜಾಹೀರಾತಿನ ಚಿತ್ರ: ಸಮಗ್ರ, ಸುಂದರ, ಎಲ್ಲೂ ಧೂಳಿಲ್ಲ. ‘ಗಿ’ ಎಂಬುದು ಮನೆಗೆ ಬಂದ ವಸ್ತು. ‘ಮೊ’ ಎಂಬುದು ಕೊಂಡವನು ದೂರು ಕೊಡುವುದಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೋ. ಇದರಲ್ಲಿ ಗಿಟಾರು ಹಾಸಿಗೆಯ ಮೇಲೆ ಮಲಗಿದೆ, ಹಿಂದೆ ಒಣಹಾಕಿದ ಟವೆಲ್ ಇದೆ, ಬಣ್ಣ ಉಳಿದ ಎರಡಕ್ಕೂ ಹೊಂದುವುದಿಲ್ಲ. ಸಂಪಾದನೆಗೆ ‘ಮೊ’ ಪ್ರತಿಯಿಂದ ಪ್ರಯೋಜನ ಕಡಿಮೆ. ಅದನ್ನು ನೋಡಿದ ಅಂಗಡಿಯವರೂ ಈ ಮಾತನ್ನೇ ತಮ್ಮ ಭಾಷೆಯಲ್ಲಿ ಹೇಳುತ್ತಾರೆ: “ಕಲರ್ ಅದೇ ಸಾರ್, ನಿಮ್ಮ ಮೊಬೈಲಲ್ಲಿ ಹಂಗೆ ಕಾಣ್ಸುತ್ತೆ.”

ಪರಿಶೀಲನೆಗೆ ಎತ್ತಿಕೊಂಡದ್ದು ಲೇಕ್ ಪ್ಲಾಸಿಡ್ ಬ್ಲೂ ಎಂಬ ಮೆಟಾಲಿಕ್ ನೀಲಿಯ ಒಂದು ಗಿಟಾರು. ‘ಚಿ’ಯಲ್ಲಿ ಈ ನೀಲಿ ಅಂಚಿನಿಂದ ಅಂಚಿಗೆ ಒಂದೇ ಹದ. ‘ಗಿ’ಯಲ್ಲಿ ಹಾಗಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಮುಂಗೈ ಊರುವ ಇಳಿಜಾರಿನಲ್ಲಿ ಬೆಳ್ಳಗಿನ ಒಂದು ಪಟ್ಟಿ ಎದ್ದು ಕಾಣುತ್ತದೆ. ಕೊಂಬಿನ ತುದಿಯಲ್ಲಿ ನೀಲಿ ಹೋಗಿ ಬರೀ ಕಪ್ಪು. ನಡುವೆ ಸ್ಲೇಟಿನ ಬೂದು. ಗಿಟಾರನ್ನು ಒಂದಿಷ್ಟು ವಾಲಿಸಿದರೆ ಪಟ್ಟಿ ಸರಿದು ಇನ್ನೆಲ್ಲೋ ಕೂರುತ್ತದೆ. ಕಾರಣ ಗುಟ್ಟೇನಲ್ಲ. ಬಣ್ಣದೊಳಗೆ ಅಲ್ಯೂಮಿನಿಯಂ ಪುಡಿಯ ಚಪ್ಪಟೆ ಚೂರುಗಳು ಮಲಗಿವೆ, ಒಂದೊಂದೂ ಪುಟ್ಟ ಕನ್ನಡಿ, ಬೆಳಕು ಬಂದ ಕೋನಕ್ಕೆ ತಕ್ಕಂತೆ ಹೊಳೆಯುತ್ತವೆ, ಇಲ್ಲವೇ ಮುನಿಸಿಕೊಳ್ಳುತ್ತವೆ. ಸ್ಟುಡಿಯೋದಲ್ಲಿ ಮಂಚದಷ್ಟು ಅಗಲದ ದೀಪ ಇಟ್ಟು ಈ ಕನ್ನಡಿಗಳಿಗೆಲ್ಲ ಒಟ್ಟಿಗೆ ಅನ್ನ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಆ ಅನುಕೂಲವಿಲ್ಲ.

ಈ ನೀಲಿಯ ವಂಶವೃಕ್ಷ ಬಿಡಿಸುತ್ತ ಹೋದರೆ ಎದೆ ಝಲ್ಲೆನ್ನುತ್ತದೆ. ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕ್ ಕಾರಿನ ಬಣ್ಣ. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್‌ನದು, ಸರ್ಫ್ ಗ್ರೀನ್ 1957ರ ಷೆವರ್ಲೆಯದು. ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ ಡ್ಯುಪಾಂಟ್‌ನವರು ಕಾರುಗಳಿಗೆ ಮಾಡುತ್ತಿದ್ದ ಬಣ್ಣವನ್ನೇ ತಂದು ಗಿಟಾರಿಗೆ ಬಳಿಯಿತು, ಬೆಲೆಯ ಮೇಲೆ ಶೇಕಡಾ 5 ಹೆಚ್ಚಿಗೆ ಕೇಳಿತು. ಇಲ್ಲಿಗೂ ಮುಗಿಯಲಿಲ್ಲ. ಆರ್ಡರು ಬಂದಾಗ ಕೆಲವೊಮ್ಮೆ ಆಗಲೇ ಸನ್‌ಬರ್ಸ್ಟ್ ಎಂಬ, ನಡುವೆ ಹಳದಿಯಾಗಿ ಅಂಚಿಗೆ ಕಂದಾಗುವ ಬಣ್ಣ ಬಳಿದು ಸಿದ್ಧವಾಗಿದ್ದ ಮರದ ಮೇಲೆಯೇ ಹೊಸ ಬಣ್ಣ ಹೊಡೆದದ್ದುಂಟು. ಅರವತ್ತು ವರ್ಷದ ಹಳೆಯ ಗಿಟಾರಿನಲ್ಲಿ ನೀಲಿಯ ಚಕ್ಕೆ ಎದ್ದ ಕಡೆ ಒಳಗಿನಿಂದ ಹಳದಿ, ಕಂದು ಇಣುಕುತ್ತವೆ. ಒಂದು ಬರಹ ಕೆರೆದು ಅದರ ಮೇಲೆ ಇನ್ನೊಂದು ಬರೆದ ಚರ್ಮದ ಹಾಳೆ ಸಿಕ್ಕರೆ ಯುರೋಪಿನ ಪಂಡಿತರು ಹಬ್ಬ ಮಾಡುತ್ತಾರೆ. ಗಿಟಾರು ಕೊಂಡವರು ವಾಪಸು ಕಳಿಸುತ್ತಾರೆ.

ಇನ್ನು ಕಾಲದೋಷ. ಆ ದಿನಗಳ ನೈಟ್ರೋಸೆಲ್ಯುಲೋಸ್ ಲ್ಯಾಕರು ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ನೀಲಿಯ ಮೇಲೆ ಹಳದಿ ಕೂತರೆ ಹಸಿರು. ಹಾಗಾಗಿ ಹಳೆಯ ಲೇಕ್ ಪ್ಲಾಸಿಡ್ ಬ್ಲೂಗಳಲ್ಲಿ ಕೆಲವು ಪಾಚಿಗಟ್ಟಿವೆ, ಒಲಿಂಪಿಕ್ ವೈಟ್ ಎಂಬ ಬಿಳಿ ಬೆಣ್ಣೆಯಾಗಿದೆ. ಇದಕ್ಕಿಂತ ಸ್ವಾರಸ್ಯವಾದದ್ದು ಗಿಬ್ಸನ್ ಕಂಪನಿಯ ಲೆಸ್ ಪಾಲ್. 1958ರಿಂದ 1960ರವರೆಗೆ ಅದಕ್ಕೆ ಚೆರ್ರಿ ಸನ್‌ಬರ್ಸ್ಟ್ ಬಳಿದರು. ಬಳಸಿದ ಕೆಂಪು ಬಿಸಿಲಿಗೆ ಬಾಳಲಿಲ್ಲ. ಅಂಗಡಿಯ ಗಾಜಿನ ಹಿಂದೆ ನಿಂತ ಗಿಟಾರುಗಳಲ್ಲಿ ಕೆಂಪು ಹಾರಿ, ನಿಂಬೆ, ಜೇನು, ಟೀ ಡಿಕಾಕ್ಷನ್ ಹೀಗೆ ನಾನಾ ಛಾಯೆಗಳು ಉಳಿದವು. ಲಿಪಿಕಾರನ ಕೈತಪ್ಪು ಎಂದು ಅಡಿಟಿಪ್ಪಣಿಗೆ ತಳ್ಳಬೇಕಾದ್ದು ಇದು. ಆದರೆ ಜನ ಆ ತಪ್ಪನ್ನೇ ಮೆಚ್ಚಿದರು, ಕಂಪನಿ ಈಗ ಹೊಸ ಗಿಟಾರಿಗೆ ಕಾರ್ಖಾನೆಯಲ್ಲೇ ಲೆಮನ್ ಬರ್ಸ್ಟ್, ಐಸ್ಡ್ ಟೀ ಎಂದು ಮಾಸಿದ ಬಣ್ಣ ಬಳಿದು ಮಾರುತ್ತದೆ. ಕೊಂಡವನು ಅದರ ಫೋಟೋ ಮುಂದಿಟ್ಟುಕೊಂಡು ಮಾಸಿದ್ದು ಸಾಲದು ಎಂದು ತಕರಾರು ತೆಗೆಯುತ್ತಾನೆ.

ಬೆಳಕಿನ ಪ್ರಶ್ನೆಯಲ್ಲಿ ನಮ್ಮ ಹೆಂಗಸರ ಪಾಂಡಿತ್ಯದ ಮುಂದೆ ಈ ಸಂಪಾದಕ ತಲೆಬಾಗುತ್ತಾನೆ. ಸೀರೆ ಅಂಗಡಿಯ ದೀಪದಲ್ಲಿ ರಾಮಾಗ್ರೀನ್ ಎಂದು ತೋರಿಸಿದ್ದನ್ನು ನಂಬದೆ, ಸೆರಗು ಹಿಡಿದು ಹೊಸ್ತಿಲಾಚೆ ಬಿಸಿಲಿಗೆ ಹೋಗಿ ನೋಡುವ ಅಜ್ಜಿಗೆ ಮೆಟಮೆರಿಸಂ ಎಂಬ ಹೆಸರು ಗೊತ್ತಿಲ್ಲ, ಹೆಸರಿಗೂ ಅಜ್ಜಿಯ ಪರಿಚಯವಿಲ್ಲ. ಒಂದು ದೀಪದ ಕೆಳಗೆ ಒಂದೇ ಎನಿಸಿದ ಎರಡು ಬಣ್ಣ ಇನ್ನೊಂದು ದೀಪದ ಕೆಳಗೆ ಬೇರೆಯಾಗುವುದು ಅದರ ತಾತ್ಪರ್ಯ. 2015ರಲ್ಲಿ ಒಂದು ಉಡುಪಿನ ಫೋಟೋ ನೋಡಿ ಅರ್ಧ ಜಗತ್ತು ನೀಲಿ-ಕಪ್ಪು ಎಂದೂ ಉಳಿದರ್ಧ ಬಿಳಿ-ಚಿನ್ನ ಎಂದೂ ಕಚ್ಚಾಡಿತಲ್ಲ, ಆ ಉಡುಪು ನಿಜಕ್ಕೂ ನೀಲಿ-ಕಪ್ಪೇ ಆಗಿತ್ತು. ಬಿಳಿ ಎಂದವರ ಮನಸ್ಸು ಫೋಟೋದಲ್ಲಿ ಇಲ್ಲದ ನೆರಳೊಂದನ್ನು ಊಹಿಸಿಕೊಂಡು ಕಳೆದುಬಿಟ್ಟಿತ್ತು. ಪರದೆಯ ಮಿತಿ ಇದಕ್ಕೆ ಸೇರಿತು: ಕೆಲವು ಹಸಿರುನೀಲಿಗಳನ್ನು ತೋರಿಸುವ ಶಕ್ತಿ ಮಾಮೂಲಿ ಪರದೆಗೆ ಇಲ್ಲವೇ ಇಲ್ಲ.

ಇನ್ನು ತಂತಿಯನ್ನು ಬೆರಳಿನಿಂದ ಒತ್ತುವ ಬೆರಳಹಲಗೆ. ಅದರ ಬಗ್ಗೆ ಕನ್ನಡಿಗರು ಕೊಂಚ ಎದೆಯುಬ್ಬಿಸಬಹುದು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಲೋಕದ ಎಷ್ಟೋ ಗಿಟಾರುಗಳಲ್ಲಿ ಇಂಡಿಯನ್ ರೋಸ್‌ವುಡ್ ಎಂಬ ಹೆಸರಿನಲ್ಲಿ ಕೂತಿದೆ. ‘ಚಿ’ಯಲ್ಲಿ ಅದು ಚಾಕೊಲೇಟಿನಂತೆ ಕಪ್ಪು, ‘ಗಿ’ಯಲ್ಲಿ ಒಣಗಿದ ಕಂದು. ಬಟ್ಟೆಯಲ್ಲಿ ಚೂರು ಎಣ್ಣೆ ಅದ್ದಿ ಸವರಿದರೆ ಮೂಲಪಾಠ ಬಹುಮಟ್ಟಿಗೆ ಮರಳುತ್ತದೆ. ಓಲೆಗರಿಗೂ ಎಣ್ಣೆ ಸವರುವ ಪದ್ಧತಿ ಇದೆ ಎಂಬುದನ್ನು ನನ್ನ ವಿಧಾನವನ್ನು ಹಾಸ್ಯಮಾಡುವವರು ಗಮನಿಸಬೇಕು.

ಚಿತ್ರವೇ ಮೂಲ ಎಂಬ ಮತಕ್ಕೆ ಇನ್ನೂ ಒಪ್ಪದ ಮರವಾದಿಗಳಿಗೆ ಕೊನೆಯ ಪ್ರಮಾಣ ಇಲ್ಲಿದೆ. ಫ್ಲೇಮ್ ಮೇಪಲ್ ಎಂಬ ಮರದಲ್ಲಿ ಎಳೆಗಳು ಅಲೆಯಲೆಯಾಗಿ ಬೆಳೆದು ಹುಲಿಪಟ್ಟೆ ಹುಟ್ಟುತ್ತದೆ. ವಾಲಿಸಿದರೆ ಪಟ್ಟೆ ಓಡುತ್ತದೆ, ನೇರ ಹಿಡಿದರೆ ಅಡಗುತ್ತದೆ. ಜಾಹೀರಾತಿನವರು ಪಟ್ಟೆ ಅತ್ಯಂತ ಉರಿಯುವ ಕೋನವನ್ನೇ ಹಿಡಿಯುತ್ತಾರೆ, ಮನೆಗೆ ಬಂದದ್ದು ತಣ್ಣಗಿರುತ್ತದೆ. 1990ರ ದಶಕದಲ್ಲಿ ಫೆಂಡರ್‌ನ ಜಪಾನ್ ಶಾಖೆ ಈ ಜಗಳವನ್ನು ಬೇರುಸಹಿತ ಕಿತ್ತಿತು. ಫೋಟೋ ಫ್ಲೇಮ್ ಎಂಬ ಹೆಸರಿನಲ್ಲಿ, ಸಾದಾ ಮರದ ಮೇಲೆ ಹುಲಿಪಟ್ಟೆಯ ಚಿತ್ರವನ್ನೇ ಅಚ್ಚುಹಾಕಿ ಮೇಲೆ ಲ್ಯಾಕರು ಹೊಡೆದು ಮಾರಿತು. ವಾಲಿಸಿದರೂ ಪಟ್ಟೆ ಕದಲದು. ಜಾಹೀರಾತು ವಸ್ತುವಿನ ಚಿತ್ರ, ವಸ್ತುವೇ ಒಂದು ಚಿತ್ರ. ‘ಚಿ’ ಮತ್ತು ‘ಗಿ’ ಇಷ್ಟು ಅವಿರೋಧವಾಗಿ ಕೂಡಿದ್ದು ಇತಿಹಾಸದಲ್ಲಿ ಬೇರೆ ಕಾಣೆ. ಕೃತಘ್ನರಾದ ಗಿಟಾರುಪ್ರಿಯರು ಅದನ್ನು ನಕಲಿ ಎಂದರು.

ಉಳಿದಿರುವುದು ಒಂದು ತೊಡಕು. ಐರ್ಲೆಂಡಿನ ರೋರಿ ಗ್ಯಾಲಗರ್ ಎಂಬ ವಾದಕನ 1961ರ ಸ್ಟ್ರಾಟೋಕಾಸ್ಟರ್‌ನಲ್ಲಿ ಸನ್‌ಬರ್ಸ್ಟ್ ಬಹುಪಾಲು ಕಳಚಿಹೋಗಿ ಬರಿಮರ ಉಳಿದಿತ್ತು. ಅವನ ಬೆವರೇ ಅದನ್ನು ತಿಂದಿತು ಎನ್ನುತ್ತಾರೆ. ಬಣ್ಣವೇ ಇಲ್ಲದ ಮೇಲೆ ಸಂಪಾದಕನಿಗೆ ಕೆಲಸವೇನು ಎಂದು ಕೈಚೆಲ್ಲುವಷ್ಟರಲ್ಲಿ, ಫೆಂಡರ್‌ನವರು ಆ ಗಿಟಾರಿನ ಸವೆತವನ್ನು ಅಳೆದು ತೂಗಿ ಅದೇ ಆಕಾರದಲ್ಲಿ ಹೊಸದನ್ನು ಕೆರೆದು ಮಾರುಕಟ್ಟೆಗೆ ತಂದರು. ಅದನ್ನು ಕೊಂಡವನು “ಫೋಟೋದಲ್ಲಿ ಕಿತ್ತುಹೋಗಿರುವಷ್ಟು ಇದರಲ್ಲಿ ಕಿತ್ತುಹೋಗಿಲ್ಲ” ಎಂದು ದೂರಿದರೆ, ಆ ದೂರನ್ನು ಲೋಪದಲ್ಲಿ ಸೇರಿಸಬೇಕೋ ಪ್ರಕ್ಷೇಪದಲ್ಲೋ ಎಂಬುದನ್ನು ಎರಡನೆಯ ಸಂಪುಟದಲ್ಲಿ, ಅನುದಾನ ಸಿಕ್ಕರೆ, ಚರ್ಚಿಸಲಾಗುವುದು.