ಲಿಂಕ್ ಮಾಸ್ತರ

ಕಲಬುರಗಿಯ ಸ್ಟೇಶನ್ ಬಜಾರದ ಕಿರಾಣಿ ಅಂಗಡಿಯವರಿಗೆ ಮೊದಲು ಒಂದು ಅನುಕೂಲವಿತ್ತು. ಕಂಕುಳಲ್ಲಿ ಪಾವತಿ ಪುಸ್ತಕ ಹಿಡಿದ ಮಾಸ್ತರರು ಓಣಿಯ ತುದಿಯಲ್ಲಿ ಕಂಡ ಕೂಡಲೇ ಒಳಗೆ ಸರಿದು, "ಸಾವಕಾರ್ರು ಸೋಲಾಪುರಕ್ಕ ಹೋಗ್ಯಾರ್ರಿ" ಎಂದು ಹುಡುಗನ ಕೈಲಿ ಹೇಳಿಸಬಹುದಿತ್ತು. ಈಗ ಮಾಸ್ತರರು ಬರುವುದಿಲ್ಲ, ಲಿಂಕ್ ಬರುತ್ತದೆ. ಸೋಲಾಪುರಕ್ಕೆ ಹೋದವರಿಗೂ ಬರುತ್ತದೆ, ನಿಜವಾಗಿ ಹೋದವರಿಗೂ.

ಗಣಿತ ಕಲಿಸಿ ನಿವೃತ್ತರಾದ ಈ ಮನುಷ್ಯನಿಗೆ ತಾಯ್ತಂದೆ ಇಟ್ಟ ಹೆಸರು ಬೇರೆ, ಬಜಾರು ಇಟ್ಟದ್ದು ‘ಲಿಂಕ್ ಮಾಸ್ತರ’. ಇಂಥವರು ಈಗ ಊರಿಗೆ ಇಬ್ಬರಾದರೂ ಸಿಗುತ್ತಾರೆ. ಶಾಲೆಯ ಮಾಳಿಗೆ ಸೋರುತ್ತಿರಬೇಕು, ಇಲ್ಲವೇ ಗ್ರಂಥಾಲಯಕ್ಕೆ ಕಪಾಟು ಬೇಕಿರಬೇಕು. ಒಟ್ಟಿನಲ್ಲಿ ದೇಣಿಗೆಯ ಪಟ್ಟಿ ಎತ್ತಲು ಇವರಿಗೊಂದು ನೆವ ಸಾಕು. ಮುಂಜಾನೆ ಆರಕ್ಕೆ ಗುಲಾಬಿ ಹೂವಿನ ಶುಭೋದಯ, ಆರೂಕಾಲಿಗೆ ರವಿವಾರದ ಕಾರ್ಯಕ್ರಮದ ಲಿಂಕ್, ಆರೂವರೆಗೆ "ನೋಡಿದಿಯೇನಪಾ?" ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಬಹಳ ಮಂದಿ ಅವರನ್ನು ಮ್ಯೂಟ್ ಮಾಡಿದ್ದಾರೆ. ಮಾಸ್ತರರಿಗೆ ಅದು ಗೊತ್ತು. ಹಿಂದಿನ ಬೆಂಚಿನವರು ಪಾಠ ಕೇಳದಿದ್ದಾಗಲೂ ಅವರೇನು ಪಾಠ ನಿಲ್ಲಿಸಿದವರಲ್ಲ.

ಈ ಚಟ ಹತ್ತಿದ್ದು 2020ರಲ್ಲಿ. ಆ ಮಾರ್ಚಿನಲ್ಲಿ ದೇಶದ ಮೊದಲ ಕೊರೋನಾ ಸಾವು ಕಲಬುರಗಿಯಿಂದಲೇ ವರದಿಯಾಯಿತು. ಊರಿಗೆ ಊರೇ ಬಾಗಿಲು ಹಾಕಿತು. ಪಟ್ಟಿ ಎತ್ತಲು ಹೊರಗೆ ಕಾಲಿಡುವಂತಿಲ್ಲ. ಮೊಮ್ಮಗ ಅಜ್ಜನ ಫೋನಿಗೆ ಜೂಮ್ ಹಾಕಿಕೊಟ್ಟ. ಪುಕ್ಕಟೆಯದಾದರೆ ನಲವತ್ತೇ ನಿಮಿಷ ಎಂದು ಹೇಳಿದ್ದನಂತೆ. ಮಾಸ್ತರರು ಅದನ್ನು ಪೀರಿಯಡ್ಡಿನ ಅವಧಿ ಎಂದು ತಿಳಿದು ಖುಷಿಪಟ್ಟರು.

ಮೊದಲ ಕಾರ್ಯಕ್ರಮ ಈಗಲೂ ಗ್ರೂಪಿನಲ್ಲಿ ದಂತಕಥೆ. ಫೋನಿನ ಮುಂದೆ ಸಮೆ ಇಟ್ಟು ದೀಪ ಹಚ್ಚಿದರು. ಫ್ಯಾನಿನ ಗಾಳಿಗೆ ಆರಿತು. ಫ್ಯಾನು ಬಂದ್ ಮಾಡಿ ಮತ್ತೆ ಹಚ್ಚಿದರು. ಪ್ರಾರ್ಥನೆ, ಸ್ವಾಗತ, ಅತಿಥಿ ಪರಿಚಯ, ಅತಿಥಿಗಳ ನುಡಿ, ಅವರಿಗೆ ಪರದೆಯ ಮೇಲೆಯೇ ಶಾಲು. ಮೂವತ್ತೆಂಟನೆಯ ನಿಮಿಷಕ್ಕೆ ಮಾಸ್ತರರು ಗಂಟಲು ಸರಿಮಾಡಿಕೊಂಡು, "ಈಗ ಮುಖ್ಯ ವಿಷಯಕ್ಕ ಬರ್ತೀನಿ" ಎಂದರು. ಅದೇ ಹೊತ್ತಿಗೆ ಸ್ಟೇಶನ್ನಿನಲ್ಲಿ ಗೂಡ್ಸ್ ಗಾಡಿಯೊಂದು ಕೂಗು ಹಾಕಿತು. ಕೂಗು ನಿಲ್ಲುವಷ್ಟರಲ್ಲಿ ನಲವತ್ತು ನಿಮಿಷ ಮುಗಿದು ಎಲ್ಲರ ಮುಖವೂ ಮಾಯ. ಅವತ್ತಿನ ವಸೂಲಿ: ಕೈಮುಗಿದ ಚಿತ್ರಗಳು, ಬೇಕಾದಷ್ಟು.

ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಮಾಸ್ತರರು ಲೆಕ್ಕ ತಪ್ಪಿದ್ದೆಲ್ಲಿ ಎಂದು ನೋಡಿದರು.

ಪಟ್ಟಿಗೆ ತನ್ನದೇ ಶಾಸ್ತ್ರವಿದೆ. ಹಾಳೆಯ ಮೊದಲ ಸಾಲಿನಲ್ಲಿ ಯಾರ ಹೆಸರು, ಎಷ್ಟು ರೂಪಾಯಿ ಎನ್ನುವುದರ ಮೇಲೆ ಕೆಳಗಿನ ಸಾಲುಗಳ ಹಣೆಬರಹ. ಮೊದಲನೆಯವ 5001 ಬರೆದರೆ ಎರಡನೆಯವ ನಾಚಿ 2001 ಬರೆಯುತ್ತಾನೆ. ಮೊದಲನೆಯವ 51 ಬರೆದರೆ ಆ ಹಾಳೆ ಹರಿದು ಒಗೆಯುವುದೇ ಲೇಸು. ಹಾಗಾಗಿ ದೊಡ್ಡ ಕುಳದ ಮನೆಗೆ ಹಿಂದಿನ ರಾತ್ರಿಯೇ ಹೋಗಿ ಚಹಾ ಕುಡಿದು, ಮೊದಲ ಸಾಲು ಬರೆಸಿಕೊಂಡು, ಮರುದಿನ ಬಜಾರಿಗೆ ಇಳಿಯಬೇಕು. ಮುಂಬೈಯವರು ಮಾಡಿದ್ದೂ ಇದನ್ನೇ. 2020ರ ಮೇ 3ರಂದು ಸಿನಿಮಾ ತಾರೆಯರೆಲ್ಲ ತಮ್ಮ ತಮ್ಮ ಮನೆಯಿಂದ ಹಾಡಿ ಕುಣಿದ ‘ಐ ಫಾರ್ ಇಂಡಿಯಾ’ ಫೇಸ್‌ಬುಕ್ ಸಂಗೀತ ಕಛೇರಿಗೆ 52 ಕೋಟಿ ರೂಪಾಯಿ ಕೂಡಿತು; ಅದರ ದೊಡ್ಡ ಪಾಲು ಬಂದದ್ದು ಕಂಪನಿಗಳಿಂದ, ದೊಡ್ಡ ದಾನಿಗಳಿಂದ. ಹಾಡು ಕೇಳಿದ ಮಂದಿ ಕೊಟ್ಟದ್ದು ಅದರ ಮುಂದೆ ಚಿಲ್ಲರೆ. ಅಂದಿನಿಂದ ಮಾಸ್ತರರ ರವಿವಾರದ ಕಾರ್ಯಕ್ರಮ ಗುರುವಾರವೇ ಅರ್ಧ ಮುಗಿದಿರುತ್ತದೆ. ಪುಣೆಯವನಿಗೆ ಫೋನು, ಹೈದರಾಬಾದಿನವನಿಗೆ ಫೋನು: "ತಮ್ಮಾ, ಶರಣಬಸಪ್ಪನ ಊರಾಗ ಹುಟ್ಟೀದಿ. ದಾಸೋಹ ಅಂದ್ರ ನಿನಗ ನಾ ಹೇಳಿಕೊಡಬೇಕೇನು?"

ಆಟ ಇಟ್ಟರೆ ಮಂದಿ ಕೂಡುತ್ತಾರೆ ಎನ್ನುವುದು ಅವರಿಗೆ ಹೊಳೆದದ್ದು 2021ರ ಜೂನ್ 13ರಂದು. ಅವತ್ತು ವಿಶ್ವನಾಥನ್ ಆನಂದ್ ಆನ್‌ಲೈನಿನಲ್ಲಿ ಗಣ್ಯರ ಜೊತೆ ಚೆಸ್ ಆಡಿದರು; ದುಡ್ಡು ಬೆಂಗಳೂರಿನ ಅಕ್ಷಯಪಾತ್ರಕ್ಕೆ. ಆಡಿದವರಲ್ಲಿ ಆಮೀರ್ ಖಾನ್ ಇದ್ದರು, ನಮ್ಮ ಕಿಚ್ಚ ಸುದೀಪ್ ಇದ್ದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಆನಂದರನ್ನು ಸೋಲಿಸಿಯೇಬಿಟ್ಟರು. ಮರುದಿನ, ಕಂಪ್ಯೂಟರಿನ ಮತ್ತು ಬಲ್ಲವರ ನೆರವು ಪಡೆದದ್ದು ಹೌದೆಂದು ತಾವೇ ಒಪ್ಪಿಕೊಂಡರು. ಮಾಸ್ತರರಿಗೆ ಇದರಿಂದ ಆಘಾತವೇನೂ ಆಗಲಿಲ್ಲ. ಪರೀಕ್ಷೆ ಕೋಣೆಯಲ್ಲಿ ವರ್ಷಗಟ್ಟಲೆ ಅಡ್ಡಾಡಿದ ಕಣ್ಣು. "ಕಾಪಿ ಹೊಡದ್ರೂ ಹೊಡೀಲಿ, ಹುಡುಗೂರಿಗೆ ಊಟಕ್ಕಂತೂ ಆಯ್ತಲ್ಲ" ಎಂದು ತೀರ್ಪು ಕೊಟ್ಟರು.

ಆಮೇಲೆ ಸೌಂಡ್ ಬಾಕ್ಸಿನ ಪ್ರಯೋಗ. ಅಂಗಡಿಗಳಲ್ಲಿ ಫೋನ್‌ಪೇ ಮಾಡಿದಾಗ ಮೊತ್ತ ಕೂಗಿ ಹೇಳುವ ಆ ಡಬ್ಬಿ ಲೈವಿನಲ್ಲಿ ಇದ್ದರೆ ಕೊಡದವರಿಗೆ ಮುಜುಗರವಾದೀತು ಎಂಬ ಹಂಚಿಕೆ. ಎದುರಿನ ಚಹಾದವನ ಡಬ್ಬಿ ಎರವಲು ತಂದಿಟ್ಟರು. ಕಾರ್ಯಕ್ರಮ ಶುರುವಾಯಿತು, ಡಬ್ಬಿ ಒಂದೇ ಸಮ "ಹತ್ತು ರೂಪಾಯಿ... ಹತ್ತು ರೂಪಾಯಿ... ಇಪ್ಪತ್ತು ರೂಪಾಯಿ" ಎನ್ನತೊಡಗಿತು. ಯಾವನೋ ಭಿಕ್ಷೆ ಹಾಕುತ್ತಿದ್ದಾನೆಂದು ಬೆಂಗಳೂರಿನವರು ಸಿಟ್ಟಾದರು. ಅದು ಬಜಾರಿನಲ್ಲಿ ಚಹಾ ಕುಡಿಯುತ್ತಿದ್ದವರ ಲೆಕ್ಕ ಎನ್ನುವುದು ಬಗೆಹರಿಯಲು ಅರ್ಧ ತಾಸು ಹಿಡಿಯಿತು.

ಇಷ್ಟೆಲ್ಲದರ ನಡುವೆ ಒಂದು ವಿಷಯದಲ್ಲಿ ಮಾತ್ರ ಮಾಸ್ತರರು ಬಹಳ ಕಟ್ಟುನಿಟ್ಟು. ಹೊರದೇಶದ ವಿದ್ಯಾರ್ಥಿ "ಸರ್, ಎಷ್ಟು ಕಳಸ್ಲಿ?" ಎಂದರೆ ಇವರ ಮರುಪ್ರಶ್ನೆ: "ಪಾಸ್‌ಪೋರ್ಟ್ ಯಾವ ದೇಶದ್ದದ?" ಭಾರತದ ಪಾಸ್‌ಪೋರ್ಟ್ ಇದ್ದವನು ಎಲ್ಲಿಯೇ ದುಡಿಯಲಿ, ತನ್ನ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿದವನ ದುಡ್ಡು, ಓಸಿಐ ಕಾರ್ಡಿದ್ದರೂ, ವಿದೇಶಿಯದೇ. ಅದನ್ನು ತೆಗೆದುಕೊಳ್ಳಲು ಎಫ್‌ಸಿಆರ್‌ಎ ಪರವಾನಗಿ ಬೇಕು. 2020ರ ತಿದ್ದುಪಡಿಯ ನಂತರ ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆಯೂ ಬೇಕು. ಮಾಸ್ತರರ ಟ್ರಸ್ಟಿಗೆ ಎರಡೂ ಇಲ್ಲ. ಹೀಗಾಗಿ ದುಡ್ಡು ಕೊಡಲು ಹಟ ಹಿಡಿದ ಲಂಡನ್ನಿನ ಶಿಷ್ಯನಿಗೆ ಅವರು ನಿರೂಪಣೆಯ ಕೆಲಸ ಕೊಟ್ಟಿದ್ದಾರೆ. ಕ್ಲಾಸಿನಲ್ಲಿ ಒಮ್ಮೆಯೂ ಬಾಯಿ ಬಿಡದವ ಈಗ ನಿಲ್ಲಿಸೆಂದರೂ ನಿಲ್ಲಿಸುವುದಿಲ್ಲ.

ಹೋದ ನವೆಂಬರಿನ ಸವಾಲನ್ನು ಮಾತ್ರ ಹೇಳಲೇಬೇಕು. ಹೈದರಾಬಾದಿನ ಬಾಲಾಪುರದಲ್ಲಿ ಗಣಪತಿಯ ಲಾಡು 1994ರಲ್ಲಿ 450 ರೂಪಾಯಿಗೆ ಸವಾಲಾದದ್ದು ಈಗ ಲಕ್ಷಗಟ್ಟಲೆ ಏರಿದೆ. ಕಲಬುರಗಿಯ ಓಣಿಗಳಿಗೂ ಆ ಗಾಳಿ ಬೀಸಿದೆ. ಮಾಸ್ತರರು ಲಾಡಿನ ಬದಲು ಕಮಲಾಪುರದಿಂದ ಕೆಂಪು ಬಾಳೆಯ ಗೊನೆ ತರಿಸಿದರು. ಗೊನೆಗೆ ಕುಂಕುಮ ಹಚ್ಚಿ ಕುರ್ಚಿಯ ಮೇಲೆ ಕೂಡಿಸಿ, ಫೋನು ಅದರ ಕಡೆ ತಿರುಗಿಸಿದರು. ಗೆದ್ದವನ ಹೆಸರಿನಲ್ಲಿ ಹಣ್ಣು ಶಾಲೆಯ ಮಕ್ಕಳಿಗೆ, ತಿನ್ನುವ ವಿಡಿಯೊ ಗೆದ್ದವನಿಗೆ. ದುಬೈಯವ ಮ್ಯೂಟ್ ತೆಗೆಯದೆ ಐದು ಸಲ ಬಾಯಿ ಆಡಿಸಿದ. "ಕೈ ಎತ್ತಪಾ" ಎಂದ ಮೇಲೆ, ಹಳೆಯ ರೂಢಿಯಂತೆ ಎದ್ದೇ ನಿಂತ. 11,000ಕ್ಕೆ ಅವನಿಗೇ ಆಯಿತು. ಒಂದು ಸಲ, ಎರಡು ಸಲ, ಮೂರು ಸಲ.

ಆಭಾರ ಮನ್ನಣೆ ನಡೆದಿತ್ತು. ಡಲ್ಲಾಸಿನವ ಕೈಯಲ್ಲಿ ಕಾಫಿ ಹಿಡಿದು ಪರದೆಯ ಮೇಲೆ ಪ್ರತ್ಯಕ್ಷನಾದ. ಅಮೆರಿಕದಲ್ಲಿ ಅದೇ ದಿನ ಗಡಿಯಾರ ಒಂದು ತಾಸು ಹಿಂದೆ ಸರಿದದ್ದು ಮಾಸ್ತರರ ಕರೆಯೋಲೆಗೆ ಗೊತ್ತಿರಲಿಲ್ಲ. ಅದರಲ್ಲಿ ಬರೆದ ಮುಂಜಾನೆ ಒಂಬತ್ತಕ್ಕೆ ಅವನು ಸರಿಯಾಗಿಯೇ ಬಂದಿದ್ದ. "ಸರ್, ನನ್ನವು 15,000" ಎಂದ.

ಕುರ್ಚಿ ಖಾಲಿಯಿತ್ತು. ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದರು. ಫೋನು ಎತ್ತಿಕೊಂಡು ಅಡುಗೆಮನೆಯತ್ತ ನಡೆದರು. ಬಾಗಿಲು, ನೀರಿನ ಕೊಡ, ರೊಟ್ಟಿಯ ಬುಟ್ಟಿ, ಎಲ್ಲ ಪರದೆಯ ಮೇಲೆ ಅಲುಗಾಡಿದವು. ಕಡೆಗೆ ಕಪಾಟಿನ ಮೇಲಿದ್ದ ಒಂದು ಚಿಪ್ಪು ಕಂಡಿತು.

"ನಿನ್ನ ಹೆಸರಲೆ ಇದೊಂದು ಉಳದದ ನೋಡಪಾ" ಎಂದರು.

ಹಿಂದಿನಿಂದ ಹೆಣ್ಣು ದನಿ ಕೇಳಿತು: "ಅದು ಮನಿದ್ರಿ!"