ನೆಗ್ಗಿನ ಸಾಹುಕಾರರು

ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಬಾಳೂರು, ಕಳಸಗಳ ಆಸುಪಾಸಿನ ಕಾಫಿ ಸೀಮೆಯ ಜನರನ್ನು ಸಾಹುಕಾರರು, ರೈಟರು ಅಂದರೆ ತೋಟದ ಲೆಕ್ಕ ಬರೆಯುವವರು, ಮೇಸ್ತ್ರಿಗಳು, ಆಳುಗಳು ಎಂದು ವಿಂಗಡಿಸುವುದು ವಾಡಿಕೆಯಾದರೂ, ಈ ಪಟ್ಟಿಯ ಮೊದಲ ವರ್ಗದೊಳಗೇ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ಒಂದು ಒಳಪಂಗಡವಿದ್ದು, ಅದನ್ನು ಸದ್ಯಕ್ಕೆ ನೆಗ್ಗಿನ ಸಾಹುಕಾರರು ಎಂದು ಕರೆಯಬಹುದು. ನೆಗ್ಗು ಎಂದರೆ ಪೆಟ್ಟು ತಿಂದ ತಗಡು ಒಳಕ್ಕೆ ಕುಸಿದು ಆಗುವ ಗುಳಿ. ಐವತ್ತು ದಾಟಿದ ವಯಸ್ಸು, ಹದಿನೈದಿಪ್ಪತ್ತು ಎಕರೆ ತೋಟ, ಹಸಿರು ಬಣ್ಣದ ಒಂದು ಹಳೆಯ ಜೀಪು, ಬಿಸ್ಕತ್ತಿನ ಡಬ್ಬದ ತುಂಬ ಸ್ಪ್ಯಾನರು, ಮತ್ತು ಪರರ ಕೈಯಲ್ಲಿ ತಮ್ಮ ಗಾಡಿ ರಿಪೇರಿಯಾಗುವುದನ್ನು ಸಹಿಸದ ಒಂದು ಮನಸ್ಸು, ಇವು ಈ ಪಂಗಡದ ಲಕ್ಷಣಗಳು.

ಶನಿವಾರ ಬೆಂಗಳೂರಿನಿಂದ ಬಂದು ಗುಡ್ಡ ಹತ್ತಿ, ಸೋಮವಾರ ಗಾಡಿಯನ್ನು ಕಂಪನಿಯ ಸರ್ವಿಸಿಗೆ ಬಿಟ್ಟು, ಬಿಲ್ಲು ನೋಡಿ ಒಂದು ವಾರ ಮಾತು ಬಿಡುವ ತರುಣರನ್ನು ಈ ಪಂಗಡಕ್ಕೆ ಸೇರಿಸಲು ಬರುವುದಿಲ್ಲ. ಎರಡನೇ ಮಹಾಯುದ್ಧದ ತರುವಾಯ ಸೈನ್ಯಕ್ಕೆ ಬೇಡವಾದ ವಿಲ್ಲಿಸ್ ಜೀಪುಗಳು, ಆಮೇಲೆ ಮಹೀಂದ್ರದವರು ಇಲ್ಲೇ ತಯಾರಿಸಿದ ಜೀಪುಗಳು, 1985ರಲ್ಲಿ ಬಂದ ಜಿಪ್ಸಿ, 2010ರ ಥಾರ್, 2020ರ ಹೊಸ ಥಾರ್ ಎಂದು ಸಾಗುವ ವಂಶಾವಳಿಯಲ್ಲಿ ಸಾಹುಕಾರರ ನಿಷ್ಠೆ ಹಳಬರ ಕಡೆಗಿರುತ್ತದೆ. ಹೊಸ ಥಾರ್ ಮನೆಯಲ್ಲಿದ್ದರೆ ಅದು ಮಗನದು, ಮತ್ತು ಅದರ ವಿಷಯದಲ್ಲಿ ಅವರಿಗಿರುವುದು ಸೊಸೆಯ ಅಡುಗೆಯ ವಿಷಯದಲ್ಲಿ ಅತ್ತೆಗಿರುವಂಥ ಮರ್ಯಾದೆ.

ಇಂಥವರ ಕರ್ಮಭೂಮಿ ದೇವರಮನೆ. ಮೂಡಿಗೆರೆ ತಾಲ್ಲೂಕಿನ ಗುತ್ತಿ ಗ್ರಾಮದ ಮೇಲುಗಡೆ, ಹುಲ್ಲುಗಾವಲು ಮತ್ತು ಶೋಲಾ ಅಂದರೆ ಕಣಿವೆಯ ಮಡಿಲಲ್ಲಿ ಮಾತ್ರ ಬೆಳೆಯುವ ಕುಳ್ಳುಕಾಡು ಸೇರಿದ ಈ ಗುಡ್ಡದ ಮೇಲೆ ಕಾಲಭೈರವೇಶ್ವರನ ಹಳೆಯ ಗುಡಿಯಿದೆ. ಗುಡಿಯವರೆಗೆ ಸಾಮಾನ್ಯ ಕಾರೂ ಹೋಗಬಲ್ಲ ರಸ್ತೆಯಿರುವುದು ಸಾಹುಕಾರರ ದೊಡ್ಡ ದುಃಖವಾಗಿದ್ದು, ಅದರ ಪರಿಹಾರಕ್ಕಾಗಿ ಅವರು ರಸ್ತೆಯ ಪಕ್ಕದಲ್ಲೇ ಸಾಗುವ, ಮಳೆಯಲ್ಲಿ ಕೊರೆದುಹೋದ ಯಾವುದಾದರೂ ಎಸ್ಟೇಟ್ ದಾರಿಯನ್ನು ಹುಡುಕಿ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವಂತೆ ಮಾಡುವ ಸಣ್ಣ ಗೇರನ್ನು, ಅಂದರೆ ಊರಿನ ಮಾತಿನಲ್ಲಿ 'ಫೋರ್ ವೀಲ್' ಅನ್ನು, ಹಾಕುತ್ತಾರೆ. ಕಾಲಭೈರವನಿಗೆ ನಾಯಿಯೇ ವಾಹನವಾದ್ದರಿಂದ ಆ ದೇವರಿಗೆ ಟಿಂಕರಿಂಗಿನ ಚಿಂತೆಯಿಲ್ಲ. ಭಕ್ತರಿಗೆ ಆ ಸೌಲಭ್ಯವಿಲ್ಲ.

ಗುಡ್ಡ ಇಳಿದ ಮರುದಿನ ಬೆಳಿಗ್ಗೆ ಶುರುವಾಗುವ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಸಾಹುಕಾರರು ಮೊದಲು ಮಗನ ಥಾರಿನ ಮೇಲೆ ಲಂಟಾನದ ಮುಳ್ಳು ಎಳೆದ ಗೀರುಗಳ ಅಡ್ಡಕ್ಕೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಆಡಿಸುತ್ತಾರೆ. ಉಗುರು ಎಲ್ಲೂ ತಡೆಯದೆ ಜಾರಿದರೆ ಗೀರು ಬಿದ್ದಿರುವುದು ಬಣ್ಣದ ಮೇಲಿನ ಪಾರದರ್ಶಕ ಲೇಪಕ್ಕೆ ಮಾತ್ರವೆಂದೂ, ಸಿಕ್ಕಿಕೊಂಡರೆ ಅದು ಬಣ್ಣವನ್ನೋ, ಅದರ ಕೆಳಗೆ ತುಕ್ಕು ತಡೆಯಲು ಹಚ್ಚಿರುವ ಪ್ರೈಮರನ್ನೋ ಮುಟ್ಟಿದೆಯೆಂದೂ ತಿಳಿಯತಕ್ಕದ್ದು. ಮೊದಲ ಬಗೆಗೆ ಹಲ್ಲುಜ್ಜುವ ಪೇಸ್ಟು ಸಾಕು. ಅದರಲ್ಲಿರುವ ನುಣ್ಣನೆಯ ಉಜ್ಜುಪುಡಿ ಗೀರಿನ ಅಂಚನ್ನು ಸವೆಸಿ ಹೊಳಪು ಕೊಡುತ್ತದೆ. ಆದರೆ ಸಾಹುಕಾರರು ಎರಡನೆಯ ಬಗೆಗೂ ಪೇಸ್ಟನ್ನೇ ಬಳಸುವುದರಿಂದ, ಮಳೆಗಾಲ ಮುಗಿಯುವ ಹೊತ್ತಿಗೆ ಗೀರು ಕಂದುಬಣ್ಣಕ್ಕೆ ತಿರುಗುತ್ತದೆ, ಮನೆಯಲ್ಲಿ ಪೇಸ್ಟೂ ಖಾಲಿಯಾಗಿರುತ್ತದೆ.

ನೆಗ್ಗಿನ ಚಿಕಿತ್ಸೆ ಇನ್ನೂ ವಿಸ್ತಾರವಾದದ್ದು. ಥಾರಿನ ಪ್ಲಾಸ್ಟಿಕ್ ಬಂಪರು ಕಲ್ಲಿಗೆ ತಾಗಿ ಒಳಕ್ಕೆ ಹೋದಾಗ, ಬಚ್ಚಲೊಲೆಯ ಹಂಡೆಯಲ್ಲಿ ಮನೆಮಂದಿಯ ಸ್ನಾನಕ್ಕೆಂದು ಕಾಯಿಸಿದ ನೀರು ಚೆಂಬುಚೆಂಬಾಗಿ ಅಂಗಳಕ್ಕೆ ಬರುತ್ತದೆ. ಕಾದ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ಹಿಂಬದಿಯಿಂದ ಅಂಗೈಯಲ್ಲಿ ಒತ್ತಿದರೆ ಗುಳಿ 'ಟಪ್' ಎಂದು ಹೊರಕ್ಕೆ ಬರುತ್ತದೆ, ಕೂಡಲೇ ತಣ್ಣೀರು ಸುರಿದರೆ ಆಕಾರ ನಿಲ್ಲುತ್ತದೆ. ಇದು ನಿಜಕ್ಕೂ ಆಗುವ ಕೆಲಸ. ತೊಂದರೆಯೆಂದರೆ, ಈ ಗೆಲುವಿನ ಹುಮ್ಮಸ್ಸಿನಲ್ಲಿ ಉಳಿದ ನೀರು ಸಾಹುಕಾರರ ಜೀಪಿನ ಉಕ್ಕಿನ ಬಾಗಿಲಿನ ಮೇಲೆ ಬೀಳುತ್ತದೆ. ಉಕ್ಕು ಆ ಬಿಸಿಗೆ ಮೆತ್ತಗಾಗುವುದಿಲ್ಲ, ಬಾಗಿಲು ತೊಳೆದಂತಾಗುತ್ತದೆ ಅಷ್ಟೆ. ಆಗ ಸುತ್ತಿಗೆ ಹೊರಬರುತ್ತದೆ. ತಗಡಿನ ಹಿಂದೆ ಉಕ್ಕಿನ ಗಟ್ಟಿ ಹಿಡಿದು ಮುಂದಿನಿಂದ ಹಗುರವಾಗಿ ತಟ್ಟುವುದು ಟಿಂಕರನ ವಿದ್ಯೆಯಾದರೆ, ಸಾಹುಕಾರರು ಹಿಂದೆ ಸಿಲ್ವರ್ ಓಕಿನ ತುಂಡು ಹಿಡಿದು, ಕೈಯಾಳಿನ ಮೇಲಿನ ಸಿಟ್ಟನ್ನೂ ಸೇರಿಸಿ ಬಡಿಯುತ್ತಾರೆ. ಬಡಿದಷ್ಟೂ ತಗಡು ತೆಳುವಾಗಿ ಹಿಗ್ಗುತ್ತದೆ, ಹಿಗ್ಗಿದ ತಗಡಿಗೆ ಮೊದಲಿದ್ದ ಜಾಗ ಸಾಲುವುದಿಲ್ಲ. ಆಮೇಲೆ ಆ ಬಾಗಿಲು ಖಾಲಿ ಎಣ್ಣೆ ಡಬ್ಬದಂತೆ, ಹೊಂಡ ಸಿಕ್ಕಾಗಲೆಲ್ಲ, ಒಳಕ್ಕೂ ಹೊರಕ್ಕೂ ಹೋಗಿಬಂದು ಸದ್ದು ಮಾಡುತ್ತಿರುತ್ತದೆ.

ರೇಡಿಯೇಟರ್, ಅಂದರೆ ಎಂಜಿನ್ನನ್ನು ತಂಪಿಡುವ ನೀರಿನ ಜಾಲರಿ, ಸೋರತೊಡಗಿದಾಗ ಕಾಫಿ ಸೀಮೆಯ ವೈದ್ಯಪದ್ಧತಿ ತನ್ನ ಪೂರ್ಣ ವೈಭವವನ್ನು ತೋರುತ್ತದೆ. ಲಾರಿಯವರು ಇದಕ್ಕೆ ಅರಿಶಿನದ ಪುಡಿ ಹಾಕುತ್ತಾರೆ. ಸಾಹುಕಾರರು ತಮ್ಮ ತೋಟದ ಕಾಳುಮೆಣಸನ್ನೇ ಕುಟ್ಟಿ ಹಾಕುತ್ತಾರೆ. ಪುಡಿಯ ಕಣಗಳು ನೀರಿನ ಒತ್ತಡದೊಂದಿಗೆ ಸಣ್ಣ ತೂತಿಗೆ ಹೋಗಿ ನೆನೆದು ಸಿಕ್ಕಿಕೊಳ್ಳುವುದರಿಂದ ಸೋರಿಕೆ ಕೆಲಕಾಲ ನಿಲ್ಲುವುದು ಹೌದಾದರೂ, ಅದೇ ಪುಡಿ ಜಾಲರಿಯ ಸಪೂರ ಕೊಳವೆಗಳನ್ನೂ ಕಟ್ಟುತ್ತದೆಂಬುದು ಬೇಗ ಮರೆತುಹೋಗುತ್ತದೆ. ಕೊಟ್ಟಿಗೆಹಾರದ ಏರಿನಲ್ಲಿ ಬಾನೆಟ್ಟಿನಡಿಯಿಂದ ಮೆಣಸಿನ ಸಾರಿನ ವಾಸನೆ ಎದ್ದಾಗ ಮಾತ್ರ ಅದು ನೆನಪಾಗುತ್ತದೆ. ಹೊಸ ರೇಡಿಯೇಟರು ದುಬಾರಿಯೆಂದು ಹಾಕಿದ ಮೆಣಸನ್ನು ಅವತ್ತಿನ ಮೂಡಿಗೆರೆ ಧಾರಣೆಯಲ್ಲಿ ಗುಣಿಸಿ ನೋಡುವ ಕೆಲಸವನ್ನು ರೈಟರು ಮಾಡಬಲ್ಲರು, ಮಾಡುವುದಿಲ್ಲ. ಅವರಿಗೂ ನೌಕರಿ ಬೇಕು. ಡೀಸೆಲ್ ಟ್ಯಾಂಕಿನ ಬಿರುಕಿಗೆ ಬಟ್ಟೆ ಸೋಪು ಮೆತ್ತುವ ಉಪಾಯ ಇದಕ್ಕಿಂತ ಮೇಲು, ಏಕೆಂದರೆ ಡೀಸೆಲ್‌ನಲ್ಲಿ ಸೋಪು ಕರಗುವುದಿಲ್ಲ. ಜೀಪಿನಡಿ ಮಲಗಿ ಸೋಪು ಮೆತ್ತಿ ಎದ್ದವರ ಕಿವಿಯ ಹಿಂದೆ ಇಂಬಳ ಹತ್ತಿರುತ್ತದೆ ಎನ್ನುವುದಷ್ಟೇ ಅದರ ದೋಷ.

ನಿಜವಾದ ಅಪಾಯ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಹಳ್ಳ ದಾಟುವಾಗ ಡಿಫರೆನ್ಷಿಯಲ್‌ಗೆ, ಅಂದರೆ ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಗೂಡಿಗೆ, ನೀರು ಹೊಕ್ಕರೆ ಒಳಗಿನ ಎಣ್ಣೆ ಹಾಲು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹುಟ್ಟಿದಾಗಿನಿಂದ ಕಾಫಿಯನ್ನೇ ನೋಡಿದವರು ಆ ಒಂದು ಕಾಫಿಯನ್ನು ಮಾತ್ರ ಎಂದೂ ಪರೀಕ್ಷಿಸದಿರುವುದು ಈ ಪಂಗಡದ ಸೋಜಿಗಗಳಲ್ಲೊಂದು.

ಥಾರಿಗೆ ವಿಮೆಯಿದ್ದೂ ಅದನ್ನು ಮುಟ್ಟದಿರುವುದರ ಹಿಂದೆ ಲೆಕ್ಕಾಚಾರವಿದೆ. ಪರಿಹಾರ ಕೇಳದೆ ಕಳೆದ ಮೊದಲ ವರ್ಷಕ್ಕೆ ಸ್ವಂತ ಗಾಡಿಯ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ ಸಿಕ್ಕಿ, ಐದು ವರ್ಷಕ್ಕೆ ಅದು ಶೇ. 50ಕ್ಕೆ ಏರುತ್ತದೆ; ಒಂದು ಸಣ್ಣ ನೆಗ್ಗಿಗೆ ಹಣ ಕೇಳಿದರೆ ಅಷ್ಟೂ ಹೋಗುತ್ತದೆ. ಮೇಲಾಗಿ ಅರ್ಜಿಯಲ್ಲಿ ಅಪಘಾತ ಎಲ್ಲಿ, ಹೇಗೆ ಆಯಿತೆಂದು ಬರೆಯಬೇಕಾಗುತ್ತದೆ.

ಈ ಪ್ರಶ್ನೆಯೇ ಸಾಹುಕಾರರ ಇಡೀ ನೆಗ್ಗುಶಾಸ್ತ್ರದ ಮೂಲ. ಅವರ ದೃಷ್ಟಿಯಲ್ಲಿ ನೆಗ್ಗುಗಳಲ್ಲಿ ಎರಡು ಕುಲ: ಗುಡ್ಡದಲ್ಲಿ ಬಿದ್ದದ್ದು, ಊರಲ್ಲಿ ಬಿದ್ದದ್ದು. ಮೂಡಿಗೆರೆ ಪೇಟೆಯಲ್ಲಿ ತರಕಾರಿ ಗಾಡಿಗೆ ತಾಗಿಸಿಕೊಂಡ ನೆಗ್ಗಿಗೆ ಕತ್ತಲಾಗುವುದರೊಳಗೆ ಪುಟ್ಟಿ ಬಿದ್ದು, ಬೆಳಗಾಗುವುದರೊಳಗೆ ಬಣ್ಣ ಬೀಳುತ್ತದೆ. ದೇವರಮನೆಯ ನೆಗ್ಗನ್ನು ಮಾತ್ರ ಮುಟ್ಟುವಂತಿಲ್ಲ. ಆಯುಧಪೂಜೆಯ ದಿನ ವಿಭೂತಿ ಬಳಿದು ಕುಂಕುಮ ಇಡುವುದೂ ಅದರ ಪಕ್ಕದಲ್ಲೇ. ಬಂದ ನೆಂಟರು ಕಾಫಿ ಕುಡಿದ ಮೇಲೆ ಅವರನ್ನು ಅಂಗಳಕ್ಕೆ ಕರೆದೊಯ್ದು, ಜೀಪಿನ ಎಡ ಮಡ್‌ಗಾರ್ಡಿನ ಮೇಲಿನ, ಅಂಗೈ ಹಿಡಿಸುವಷ್ಟು ದೊಡ್ಡ ನೆಗ್ಗನ್ನು ತೋರಿಸಿ, ಮಂಜು, ಜಾರು, ಪ್ರಪಾತ ಮತ್ತು ಕೊನೆಯ ಗಳಿಗೆಯಲ್ಲಿ ಅಡ್ಡ ಸಿಕ್ಕ ಬಂಡೆಯ ವೃತ್ತಾಂತವನ್ನು ವಿವರಿಸಲಾಗುತ್ತದೆ. ಯಜಮಾನತಿ ಆ ಹೊತ್ತಿಗೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿರುತ್ತಾರೆ.

ತೋಟದ ಗೇಟಿನ ಎಡಗಂಬದಲ್ಲಿ, ನೆಲದಿಂದ ಸರಿಯಾಗಿ ಮಡ್‌ಗಾರ್ಡಿನ ಎತ್ತರಕ್ಕೆ, ಗಾರೆ ಕಿತ್ತುಬಂದ ಕಡೆ ಹಸಿರು ಬಣ್ಣದ ಒಂದು ಪಟ್ಟೆ ಅಂಟಿಕೊಂಡಿದೆ. ದೀಪಾವಳಿಗೆ ಮುಂಚೆ ಕಂಬಗಳಿಗೆ ಸುಣ್ಣ ಬಳಿಯುವ ಆಳು, ಬಲಗಂಬಕ್ಕೆ ಒಂದು ಕೈ ಬಳಿದರೆ ಎಡಗಂಬಕ್ಕೆ ಮೂರು ಕೈ ಬಳಿಯಬೇಕೆಂಬುದನ್ನು ಯಾರೂ ಹೇಳದೆಯೇ ತಿಳಿದಿದ್ದಾನೆ.